ಹನ್ನೊಂದು ಹಾಲವ್ವಂದಿರು

ನಾನು ಒಂದು ಭೂತಗನ್ನಡಿ. ನನ್ನ ಗಾಜು ಯಾವ ದೇಶದ ಕುಲುಮೆಯಲ್ಲಿ ಕರಗಿತೋ ನನಗೆ ಗೊತ್ತಿಲ್ಲ. ನನಗೆ ಅರಿವು ಬಂದದ್ದು ಗದಗಿನ ಕಂಚುಗಾರನೊಬ್ಬ ನನ್ನ ಸುತ್ತ ಹಿತ್ತಾಳೆಯ ಬಳೆ ತೊಡಿಸಿ, ಕೊಂಬಿನ ಹಿಡಿಕೆ ಕೂಡಿಸಿದ ದಿನ.

ಮೊದಲು ನನ್ನನ್ನು ಕೊಂಡವರು ಮೌನೇಶ ಪತ್ತಾರರು. ಮೂವತ್ತು ವರ್ಷ ಅವರ ಕಣ್ಣಿಗೂ ಮೂಗುತಿಯ ಹರಳುಗಳಿಗೂ ನಡುವೆ ಇದ್ದೆ. ಅವರ ಕೈ ನಡುಗತೊಡಗಿದಾಗ ನನ್ನನ್ನು ಗೆಳೆಯ ಗುಂಡೋಪಂತರಿಗೆ ಕೊಟ್ಟರು.

ಗುಂಡೋಪಂತರು ಮೋಡಿ ಲಿಪಿ ಓದುವವರು. ಲೇಖಣಿ ಎತ್ತದೆ ಅಕ್ಷರಕ್ಕೆ ಅಕ್ಷರ ಹೆಣೆದು ಬರೆದ ಹಳೆಯ ಕಾಗದಗಳನ್ನು ಓದಬಲ್ಲವರು ಆ ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು. ಕೋರ್ಟಿನ ಎದುರಿನ ಓಣಿಯಲ್ಲಿ ಅವರ ಮನೆ. ಹೊಲದ ಹದ್ದುಬಸ್ತು, ಬಾವಿಯ ಹಕ್ಕು, ದತ್ತಕದ ಪತ್ರ ಎಂದು ಜನ ಬರುತ್ತಿದ್ದರು. ನಾನು ಕಾಗದದ ಮೇಲೆ ಮಲಗಿ ಕೆಳಗಿನಿಂದ ಅವರ ಮುಖ ನೋಡುತ್ತಿದ್ದೆ. ಎಲ್ಲರೂ ನೆಲ ಹುಡುಕಿಕೊಂಡು ಬರುತ್ತಿದ್ದರು. ಮನುಷ್ಯರನ್ನು ಹುಡುಕಿಕೊಂಡು ಬಂದವಳು ಕಸ್ತೂರಿ ಒಬ್ಬಳೇ.

ಕಸ್ತೂರಿ ನೀಲಗಾರ ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಎಂಬತ್ತೈದು ವರ್ಷದ ತಂದೆ ಶಿವಪುತ್ರಪ್ಪನ ಜೊತೆ ಇದ್ದಳು. ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಹೇಳಿದಳು:

"ನಮ್ಮಪ್ಪ ಐದು ವರ್ಷದಾಂವ ಇದ್ದಾಗ ಅವರವ್ವ ಹಾಲವ್ವ ಬಳಿಗಾರನ ಹಿಂದ ಓಡಿಹೋದಳು ಅಂತಾರ್ರಿ. ಓಡಿಹೋದಕಿ ಮಗ ಅಂತನ ಊರಾಗ ಅವನ ಹೆಸರು. ಈರಸಂಗಪ್ಪ ಅಂತ ದೊಡ್ಡಪ್ಪ, ಮಕ್ಕಳಿಲ್ಲದಾಂವ, ಅವನ ಸಾಕಿದ. ಅಪ್ಪಗ ಅಂವನ ದೇವರು. ಆದ್ರ ಈಗ ಮುಪ್ಪಿನಾಗ ದಿನಾ ಒಂದ ಮಾತು. ಆಕಿ ಯಾಕ ಹೋದಳು?"

ಮೂರು ವರ್ಷ ಹುಡುಕಿದ್ದಳು. ಹಳೆಯ ದಾಖಲೆಗಳಲ್ಲಿ ಹೆಂಗಸು ಸಿಗುವುದು ಕಷ್ಟ. ಆಕೆ ಯಾವಾಗಲೂ ಯಾರೋ ಒಬ್ಬನ ಹೆಂಡತಿ. ಕೊನೆಗೆ ಕೋರ್ಟಿನ ದಾಖಲೆ ಕೋಣೆಯಲ್ಲಿ ಸಾವಿರದ ಒಂಬೈನೂರ ಮೂವತ್ನಾಲ್ಕರ ರಿಜಿಸ್ಟರಿನಲ್ಲಿ ಒಂದು ಸಾಲು ಸಿಕ್ಕಿತ್ತು: ಅರ್ಜಿದಾರಳು ಹಾಲವ್ವ ಕೋಂ ಭೀಮಪ್ಪ ನೀಲಗಾರ, ಎದುರುದಾರ ಈರಸಂಗಪ್ಪ ನೀಲಗಾರ. ಓಡಿಹೋದವಳು ಕೋರ್ಟಿಗೆ ಏಕೆ ಬಂದಳು? ಅದೂ ದೊಡ್ಡಪ್ಪನ ಮೇಲೆ? ಮೂಲ ಕಡತ ಅವಧಿ ಮುಗಿದು ನಾಶವಾಗಿತ್ತು. ಕಸ್ತೂರಿ ಮನೆಗೆ ಹೋಗಿ ದೊಡ್ಡಪ್ಪನ ಹಳೆಯ ಕಾಗದಗಳನ್ನೆಲ್ಲ ಜಾಲಾಡಿದಳು. ಹೊಲದ ಪತ್ರಗಳೆಂದು ಯಾರೂ ಬಿಚ್ಚದ ಒಂದು ಕಟ್ಟಿನ ಮೇಲೆ ಅದೇ ಅರ್ಜಿಯ ನಂಬರು ಇತ್ತು. ಕೋರ್ಟಿನಿಂದ ಪಡೆದ ನಕಲು. ಮೋಡಿಯಲ್ಲಿತ್ತು.

ಗುಂಡೋಪಂತರು ನನ್ನನ್ನು ಎತ್ತಿಕೊಂಡು ಸಾಲಿನಿಂದ ಸಾಲಿಗೆ ನಡೆಸಿದರು.

ಹಾಲವ್ವ ಅರ್ಜಿ ಕೊಟ್ಟಿದ್ದಳು. ಗಂಡ ಸತ್ತ ತಿಂಗಳಲ್ಲೇ ತನ್ನನ್ನು ಹೊಡೆದು ಹೊರಗೆ ಹಾಕಿದರು, ಮಗನನ್ನು ಇಟ್ಟುಕೊಂಡರು, ತವರಿನಲ್ಲಿ ಮಗ್ಗ ನೆಯ್ದು ಸಾಕುತ್ತೇನೆ, ನನ್ನ ಕೂಸು ನನಗೆ ಕೊಡಿಸಬೇಕು ಎಂದಿದ್ದಳು. ನಾಲ್ಕು ಸಲ ನಡೆದು ಬಂದು ವಾಯಿದೆಗೆ ನಿಂತಿದ್ದಳು.

ಗುಂಡೋಪಂತರು ಓದು ನಿಲ್ಲಿಸಿದರು. "ಮುಂದಿಂದು ಓದ್ಲೇನವಾ?"

"ಓದ್ರಿ."

"ಎದುರುದಾರ ಈರಸಂಗಪ್ಪ ಪ್ರಮಾಣ ಮಾಡಿ ಹೇಳುವುದೇನೆಂದರೆ, ಸದರಿ ಹುಡುಗ ಶಿವಪುತ್ರ ಹೋದ ಶ್ರಾವಣದಲ್ಲಿ ವಾಂತಿಭೇದಿಯಾಗಿ ತೀರಿಕೊಂಡಿದ್ದಾನೆ. ಅರ್ಜಿದಾರಳು ಇದನ್ನು ಕೇಳಿ ಕುಸಿದು ಕುಳಿತಳು. ಅರ್ಜಿ ಮುಂದುವರಿಸುವುದಿಲ್ಲ ಎಂದಳು. ಅರ್ಜಿ ವಜಾ."

ಕಸ್ತೂರಿ ಕಾಗದದ ಕೊನೆಗೆ ಬೆರಳಿಟ್ಟಳು. "ಇಲ್ಲೇನು ಬರದಾರ್ರಿ?"

"ಎಡಗೈ ಹೆಬ್ಬೆಟ್ಟಿನ ಗುರುತು ಅಂತ."

"ಗುರುತು ಎಲ್ಲೈತಿ?"

"ಇದು ನಕಲಲ್ಲೇನವಾ. ಗುರುತು ಇದ್ದದ್ದು ಮೂಲದಾಗ."

ಮೂಲ ಉಳಿದಿರಲಿಲ್ಲ. ಹಾಲವ್ವನ ಹೆಬ್ಬೆರಳೂ ಉಳಿದಿರಲಿಲ್ಲ.

ಗುಂಡೋಪಂತರು ನನ್ನನ್ನು ಆಕೆಯ ಕೈಗೆ ಕೊಟ್ಟರು. "ನನಗ ಇನ್ನ ಕಣ್ಣು ನಡೆಂಗಿಲ್ಲ. ನೀವು ಹುಡುಕೋರು. ಇಟಗೋರಿ."

ಹಾಗೆ ನಾನು ನೀಲಗಾರರ ಮನೆಗೆ ಬಂದೆ. ಒಂದು ವಾರ ಕಸ್ತೂರಿ ಬಾಯಿ ಬಿಡಲಿಲ್ಲ. ನಡುಮನೆಯ ಗೋಡೆಯ ಮೇಲೆ ಈರಸಂಗಪ್ಪನ ಫೋಟೋ ಇತ್ತು. ಶಿವಪುತ್ರಪ್ಪ ಎಂಬತ್ತೈದರಲ್ಲೂ ಪ್ರತಿ ಸೋಮವಾರ ತಾನೇ ಅದಕ್ಕೆ ಹೂ ಏರಿಸುತ್ತಿದ್ದ. ಆದರೆ ಅವನು ಕೇಳುವುದನ್ನು ಬಿಡಲಿಲ್ಲ, ಮಗಳಿಗೆ ಸುಳ್ಳು ಹೇಳಲು ಬರಲಿಲ್ಲ. ಒಂದು ಮಧ್ಯಾಹ್ನ ಎಲ್ಲವನ್ನೂ ಹೇಳಿದಳು.

ಅವನು ಕಾಗದ ಕೇಳಿ ಪಡೆದ. ನನ್ನನ್ನು ಅದರ ಮೇಲೆ ಹಿಡಿದ. ಮೋಡಿ ಅವನಿಗೆ ಬಾರದು.

"ನಾ ಸತ್ತೇನಿ ಅಂತ ಎಲ್ಲಿ ಬರದಾರ?"

ಕಸ್ತೂರಿ ಆ ಸಾಲಿನ ಮೇಲೆ ಬೆರಳಿಟ್ಟಳು. ಅವನು ತನ್ನ ಸಾವನ್ನು ನನ್ನ ಮೂಲಕ ನೋಡಿದ. ನಾನು ಅದನ್ನು ಎಷ್ಟು ದೊಡ್ಡದಾಗಿ ತೋರಿಸಿದೆನೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಎಂಬತ್ತು ವರ್ಸ ಆಕಿನ್ನ ಬೈದೆ," ಎಂದ. ಆಮೇಲೆ ಗೋಡೆಯ ಕಡೆ ನೋಡಿದ. ಜ್ವರ ಬಂದಾಗ ಅವನನ್ನು ಹೆಗಲ ಮೇಲೆ ಹೊತ್ತು ಎಂಟು ಮೈಲಿ ನಡೆದ ದೊಡ್ಡಪ್ಪ ಅಲ್ಲಿದ್ದ.

"ಇಳಸ್ಲೇನಪ್ಪಾ?" ಎಂದಳು ಕಸ್ತೂರಿ.

"ಬ್ಯಾಡ. ಇಳಿಸಿ ಅಲ್ಲಿ ಯಾರನ್ನ ಹಾಕತೀ?"

ಮುಂದಿನ ಸೋಮವಾರ ಅವನು ಹೂ ಏರಿಸಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಊಟ ಕಡಿಮೆಯಾಯಿತು. ಹಳೆಯ ಪ್ರಶ್ನೆ ಹೋಗಿ ಹೊಸದೊಂದು ಬಂತು: "ಕೋರ್ಟಿನಿಂದ ಮುಂದ ಎಲ್ಲಿ ಹೋದಳು?"

ಕಸ್ತೂರಿ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಹೊರಟಳು. ಹಾಲವ್ವನ ತವರಿನಲ್ಲಿ ಆ ಮನೆಯವರು ಎಂದೋ ಊರು ಬಿಟ್ಟಿದ್ದರು. ಸುತ್ತಲಿನ ಊರುಗಳ ಜನನ ಮರಣದ ಪುಸ್ತಕಗಳನ್ನು ಒಂದೊಂದಾಗಿ ತೆರೆಸಿದಳು. ಮೂವತ್ನಾಲ್ಕರಿಂದ ಅರವತ್ತರವರೆಗೆ ನಾವು ಹನ್ನೊಂದು ಹಾಲವ್ವಂದಿರನ್ನು ಕಂಡೆವು. ಒಬ್ಬಳು ಎಳೆಗೂಸು. ಇಬ್ಬರು ಮುದುಕಿಯರು. ಆರು ಮಂದಿಗೆ ಗಂಡಂದಿರಿದ್ದರು. ಇನ್ನೊಬ್ಬಳ ಹೆಸರಿನ ಕೆಳಗಿನ ಭಾಗವನ್ನು ಗೆದ್ದಲು ತಿಂದಿತ್ತು. ಅಲ್ಲಿ ನಾನು ಎಷ್ಟು ಕಣ್ಣರಳಿಸಿದರೂ ಕಂಡದ್ದು ತೂತು.

ಹನ್ನೊಂದನೆಯವಳು ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಸತ್ತಿದ್ದಳು. ಮೂವತ್ತಾರನೆಯ ಇಸವಿ. ಹಾಲವ್ವ, ಕೂಲಿ, ವಯಸ್ಸು ಸುಮಾರು ಇಪ್ಪತ್ತೈದು, ನೀರಿನಲ್ಲಿ ಮುಳುಗಿ, ವಾರಸುದಾರರು ಇಲ್ಲ. ಎಲ್ಲಿಂದ ಬಂದವಳೆಂದು ಬರೆದಿರಲಿಲ್ಲ.

ಕಸ್ತೂರಿಯ ಉಸಿರು ನನ್ನ ಮೇಲೆ ಮಂಜಾಗಿ ಕೂತಿತು. ಇವಳೇ ಇರಬಹುದು. ಅಲ್ಲದೆಯೂ ಇರಬಹುದು. ಆಕೆ ಅದನ್ನು ಬರೆದುಕೊಳ್ಳಲಿಲ್ಲ. ಮನೆಗೆ ಹೋದಾಗ ತಂದೆ ಕೇಳಿದ, "ಸಿಕ್ಕಳೇನು?"

"ಇಲ್ಲಪ್ಪ. ಇನ್ನೂ ಹುಡುಕಾಕತ್ತೀನಿ."

ಶಿವಪುತ್ರಪ್ಪ ಮಾಗಿಯಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಮಗಳನ್ನು ಕಂಡರೆ, "ನಾ ಸತ್ತಿಲ್ಲ ಯವ್ವಾ, ಇಲ್ಲೇ ಅದೇನಿ," ಎನ್ನುತ್ತಿದ್ದ. ಕಸ್ತೂರಿ ಹ್ಞೂಂ ಎನ್ನುತ್ತಿದ್ದಳು.

ಆಮೇಲೆ ಆಕೆ ಯಾವ ದಾಖಲೆಯನ್ನೂ ಹುಡುಕಲಿಲ್ಲ. "ನಾ ಹೇಳಬಾರದಿತ್ತು," ಎಂದು ಒಮ್ಮೆ ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ಅಂದಳು. ಇಲ್ಲದ ತಾಯಿಯನ್ನು ಕೊಡಲು ಹೋಗಿ ಇದ್ದ ದೊಡ್ಡಪ್ಪನನ್ನು ಕಸಿದುಕೊಂಡೆ ಎಂಬ ಕೊರಗು ಆಕೆಯನ್ನು ಬಿಡಲಿಲ್ಲ.

ಈಗ ನಾನು ಅಡುಗೆಮನೆಯ ಗೂಡಿನಲ್ಲಿದ್ದೇನೆ. ಬಳೆ ಸಡಿಲವಾಗಿದೆ, ಅಂಚಿನಲ್ಲಿ ಸೀಳು ಬಿಟ್ಟಿದೆ. ಗುಳಿಗೆಯ ಹೆಸರು ಓದಲು ಆಕೆ ನನ್ನನ್ನು ಎತ್ತಿಕೊಳ್ಳುತ್ತಾಳೆ. ಇದ್ದ ಅಕ್ಷರವನ್ನು ನಾನು ದೊಡ್ಡದು ಮಾಡಬಲ್ಲೆ. ಬರೆಯದೆ ಬಿಟ್ಟದ್ದರ ಮುಂದೆ ನಾನು ಬರೀ ಗಾಜು.

ನಾನು ಓದಿದ ಕೊನೆಯ ಸರಕಾರಿ ಕಾಗದ ಶಿವಪುತ್ರಪ್ಪನ ಮರಣದ ದಾಖಲೆ. ಅರ್ಜಿಯಲ್ಲಿ ತಾಯಿಯ ಹೆಸರು ಎಂಬಲ್ಲಿ ಕಸ್ತೂರಿ ದಪ್ಪ ಅಕ್ಷರದಲ್ಲಿ ಹಾಲವ್ವ ಎಂದು ಬರೆದುಕೊಟ್ಟಿದ್ದಳು. ಎಂಬತ್ತು ವರ್ಷದ ಮೇಲೆ ತಾಯಿಯೂ ಮಗನೂ ಒಂದೇ ಹಾಳೆಗೆ ಬರುವವರಿದ್ದರು. ಹಾಳೆ ಬಂದಾಗ ಆಕೆ ನನ್ನನ್ನು ಆ ಹೆಸರಿನ ಮೇಲೆ ಇಟ್ಟಳು.

ಬಾಲವ್ವ ಎಂದು ಅಚ್ಚಾಗಿತ್ತು.

"ತಿದ್ದಿಸಿಕೊಂಡು ಬರ್ರಿ ಅಕ್ಕಾರ, ಅರ್ಧ ದಿನದ ಕೆಲಸ," ಎಂದಳು ಪಕ್ಕದ ಮನೆಯ ಸಾವಂತ್ರಿ.

ಕಸ್ತೂರಿ ಹಾಳೆಯನ್ನು ಎರಡು ಮಡಿಕೆ ಮಾಡಿದಳು. "ಇರಲಿ ಬಿಡ. ಇನ್ನ ಯಾರು ಹುಡುಕತಾರ?"