ಪುಟದ ಅಡಿಯಲ್ಲಿ ಓರಗಿತ್ತಿಯ ಹೆಸರು

ಕ್ಲಿನಿಕ್ಕಿನ ರಿಸೆಪ್ಶನ್ ಮೇಜಿನ ಮೇಲೆ ಫೋನು ಸುಮ್ಮನೆ ಕೂತಿದೆ, ಮೊದಲಾದರೆ ಈ ಹೊತ್ತಿಗೆ ಹಲ್ಲುನೋವಿನವರೆಲ್ಲ ನನ್ನ ಕಿವಿಯಲ್ಲೇ ನರಳುತ್ತಿದ್ದರು, ಮೇಡಂ ಇವತ್ತೇ ಟೈಮ್ ಕೊಡಿ, ಕೆನ್ನೆ ಊದ್ಕೊಂಡಿದೆ, ಈಗ ಎಲ್ಲರೂ ವೆಬ್‌ಸೈಟಿನಲ್ಲೇ ಹೊತ್ತು ಗೊತ್ತುಮಾಡಿಕೊಂಡು ಬರುತ್ತಾರೆ, ನನ್ನತ್ತ ನೋಡದೆ ಸೋಫಾದಲ್ಲಿ ಕೂರುತ್ತಾರೆ — ಅದನ್ನು ಮಾಡಿದ್ದು ಯಾರು, ನನ್ನ ಓರಗಿತ್ತಿ, ಕರೆತಂದದ್ದು ಯಾರು, ನಾನೇ, ನಮ್ಮ ಮೈದುನನ ಹೆಂಡತಿ ವೆಬ್‌ಸೈಟ್ ಮಾಡ್ತಾಳೆ ಡಾಕ್ಟ್ರೇ ಎಂದು ಬೀಗಿದ ಬಾಯಿ ಇದೇ. ಎಷ್ಟು ಚೆಂದ ಮಾಡಿದಾರ್ರೀ ಎಂದರು ಡಾಕ್ಟರು, ನಾನು ಅಪಾಯಿಂಟ್‌ಮೆಂಟ್ ಪುಸ್ತಕ ಮುಚ್ಚಿ ಡ್ರಾಯರಿಗೆ ತಳ್ಳಿದೆ, ಮನೆಯಲ್ಲೂ ಅದೇ, ಅತ್ತೆ ಅವಳ ಬಾಗಿಲ ಮುಂದೆ ಸಪ್ಪಳವಿಲ್ಲದೆ ಓಡಾಡುತ್ತಾರೆ, ಮೆಲ್ಲಗೆ, ಅವಳು ಕೆಲಸ ಮಾಡ್ತಿದಾಳೆ ಅನ್ನುತ್ತಾರೆ ನನಗೆ, ಹಾಗಾದರೆ ನಾನು ದಿನವಿಡೀ ಇಲ್ಲಿ ಮಾಡುವುದೇನು, ಗಾಳಿಸೇವನೆಯೋ.

ನಾನೂ ಕಲೀಬಾರ್ದಾ ಅಂದದ್ದಕ್ಕೆ ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ, ಈ ವಯಸ್ಸಲ್ಲಾ, ಅವಳು ಮಾತ್ರ ಸ್ಟೂಲು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು, ಅಕ್ಕಾ, ಇದೇನು ಬ್ರಹ್ಮವಿದ್ಯೆ ಅಲ್ಲ, ಪೇಶೆಂಟುಗಳು ಏನು ಕೇಳ್ತಾರೆ ಅಂತ ನಿಮಗಿಂತ ಯಾರಿಗೆ ಗೊತ್ತು, ಇನ್ಮೇಲೆ ನೀವೇ ನೋಡ್ಕೊಳ್ಳಿ, ಪಾಸ್‌ವರ್ಡೂ ಕೊಟ್ಟಳು, ಅವಳು ಒಳ್ಳೆಯವಳಾಗಿರುವುದೇ ಸಹಿಸಲಾಗದ್ದು, ಕೆಟ್ಟವಳಾಗಿದ್ದರೆ ಎಷ್ಟು ಹಾಯಾಗಿರುತ್ತಿತ್ತು — ಇವತ್ತು ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ ಕೂತು ವೆಬ್‌ಸೈಟಿಗೆ ಹೊಸ ಪುಟ ಮಾಡಿದೆ, ಹಲ್ಲು ಕೀಳಿಸಿದ ಮೇಲೆ ಏನು ತಿನ್ನಬೇಕು, ರಕ್ತ ನಿಲ್ಲದಿದ್ದರೆ ಏನು ಮಾಡಬೇಕು, ಫೋನಿನಲ್ಲಿ ಹೇಳಿ ಹೇಳಿ ನಾಲಿಗೆ ಸವೆದ ಮಾತುಗಳೇ, ಆಗಲೇ ಸೋಫಾದಲ್ಲಿ ಕೆನ್ನೆ ಹಿಡಿದು ಕೂತ ಹೆಂಗಸು ತನ್ನ ಮೊಬೈಲಿನಲ್ಲಿ ಅದನ್ನು ಓದುತ್ತಿದ್ದಾಳೆ, ನನ್ನ ಮಾತು, ನನ್ನದೇ, ಈ ಕೆಲಸ ನನಗೆ ಬರುತ್ತದೆ, ಎದುರಿನ ಕನ್ನಡಕದಂಗಡಿಗೂ ಮಾಡಿಕೊಡಬಲ್ಲೆ, ಪಕ್ಕದ ದರ್ಜಿಗೂ, ಈ ಕುರ್ಚಿ ಬಿಟ್ಟು ಎದ್ದರೂ ಬದುಕಬಲ್ಲೆ, ಹೆಂಗಸಿನ ಬೆರಳು ಪುಟವನ್ನು ಮೇಲೆ ತಳ್ಳುತ್ತದೆ, ಕೊನೆ ಮುಟ್ಟಿತು, ಚೆನ್ನಾಗಿ ಬರ್ದಿದಾರೆ ಮೇಡಂ, ಯಾರಿವರು, ಎಂದು ಪುಟದ ಅಡಿಯ ಹೆಸರಿನ ಮೇಲೆ ಬೆರಳಿಡುತ್ತಾಳೆ, ವಿನ್ಯಾಸ ಮತ್ತು ನಿರ್ವಹಣೆ, ಓರಗಿತ್ತಿಯ ಹೆಸರು, ನಾನು ಮಾಡಿದ ಪುಟದ ಕೆಳಗೂ ತಾನೇ ತಾನಾಗಿ ಬಂದು ಕೂತಿದೆ, ನಮ್ಮನೆಯವಳೇ, ಎನ್ನುತ್ತೇನೆ, ನಗುತ್ತೇನೆ ಕೂಡ, ನಗುತ್ತಲೇ ಕಂಪ್ಯೂಟರಿನಲ್ಲಿ ಆ ಸಾಲು ತೆರೆಯುತ್ತೇನೆ, ಅಳಿಸುವ ಕೀಲಿ ಒಂದು ಸಲ ಒತ್ತಿದೆ, ಕೊನೆಯ ಅಕ್ಷರ ಹೋಯಿತು, ಹಲ್ಲು ಕಿತ್ತ ಬಾಯಿಯ ಹಾಗೆ ಆ ಹೆಸರು, ಇನ್ನೊಂದು ಒತ್ತಲಾರೆ, ಹೋದದ್ದನ್ನು ತಿರುಗಿ ಹಾಕಲಾರೆ, ಆ ಸಂದು, ಸಂದಿನಲ್ಲಿ ಕರ್ಸರಿನ ಮಿಣುಕುವ ಗೆರೆ, ಮಿಣುಕುವ ಗೆರೆ —