ಯಾರೋ ಒಬ್ಬರು

ನಾರ್ಫೋಕ್‌ನ ಆ ಹಳ್ಳಿಯಲ್ಲಿ ಹೆಸರು ಹಿಡಿದು ಬೈಯುವ ಪದ್ಧತಿಯಿಲ್ಲ. ಬೈಸಿಕೊಳ್ಳಲೆಂದೇ 'ಯಾರೋ' ಎನ್ನುವವರೊಬ್ಬರಿದ್ದಾರೆ. ಸಭಾಭವನದ ಅಡುಗೆಮನೆಯಲ್ಲಿ "ಯಾರೋ ಸಕ್ಕರೆಗೆ ಒದ್ದೆ ಚಮಚ ಹಾಕಿದ್ದಾರಪ್ಪ" ಎಂದು ಗೋಡೆಗೆ ಹೇಳಿದರೆ ಸಾಕು, ಎದುರಿಗೆ ನಿಂತವರು ಅದು ತಮಗೇ ಎಂದು ತಿಳಿದು ಕೆಂಪಗಾಗಬೇಕು. ಅದೇ ಮರ್ಯಾದೆಯಂತೆ. ಹಾಳು ಮರ್ಯಾದೆ!

ತೋಟಗಾರಿಕೆ ಸಂಘದ ಅಧ್ಯಕ್ಷ ಕ್ಲೆಮೆಂಟ್ ಥರ್ಟಲ್‌ಗೆ ಅರವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಸಂಘದ ಸಭೆ ಮುಗಿದ ಮೇಲೆ ವಿಧವೆ ಮಿಸೆಸ್ ಹಿಲ್ಡಾ ಮಾಬ್ಸ್ ಕಪ್ಪು ತೊಳೆಯುವುದು, ಅವನು ಒರೆಸುವುದು ವರ್ಷಗಳಿಂದ ನಡೆದು ಬಂದಿತ್ತು. ಒರೆಸುತ್ತ ಒರೆಸುತ್ತಲೇ ಅವನು ಆಕೆಗೆ ಮನಸೋತಿದ್ದ. ಒಂದು ದಿನವೂ ಬಾಯಿ ಬಿಡಲಿಲ್ಲ. ಈಗ ಆಕೆ ಶನಿವಾರ ಕ್ರೋಮರ್‌ನಲ್ಲಿರುವ ಅಕ್ಕನ ಮನೆಗೆ ಹೊರಟು ನಿಂತಿದ್ದಳು, ಮತ್ತೆ ಬರುವುದಿಲ್ಲವಂತೆ. ಇವತ್ತು ಹೇಳದಿದ್ದರೆ ಮುಗಿಯಿತು.

ಗುಲಾಬಿಗೆ ಹತ್ತುವ ಹೇನಿನ ಬಗ್ಗೆ ಚರ್ಚೆ ನಡೆಯುತ್ತಿದ್ದಷ್ಟು ಹೊತ್ತೂ ಅವನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. ಸಭೆ ಮುಗಿಯಿತು, ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. 'ನಾನು' ಎನ್ನಲು ಹೊರಟ ನಾಲಿಗೆ ಹಳೇ ದಾರಿಯನ್ನೇ ಹಿಡಿಯಿತು.

"ಈ ಅಡುಗೆಮನೇಲಿ ಯಾರಿಗೋ ಮದುವೆ ಆಸೆ ಬಂದ ಹಾಗಿದೆ."

ಆಕೆಯ ಕೈ ನೊರೆಯೊಳಗೇ ನಿಂತಿತು. ಮುಖ ಬೀಟ್ರೂಟಿನಂತಾಯಿತು.

"ಯಾರು ಹೇಳಿದ್ರು ನಿಮಗೆ? ಆ ಪಕ್ಕದ್ಮನೆ ಡಾಫ್ನಿ ತಾನೆ? ಅವಳ ಬಾಯಲ್ಲಿ ಒಂದು ಮಾತೂ ನಿಲ್ಲಲ್ಲ."

"ಏನು ಹೇಳಿದ್ರು?"

"ನಾಟಕ ಬೇಡ ರೀ. ಹೌದು, ಆಸೆ ಇತ್ತು. ಈ ವಯಸ್ಸಲ್ಲಿ ಇರಬಾರ್ದು ಅಂತ ಕಾನೂನಿದ್ಯಾ? ಪಕ್ಕದಲ್ಲೇ ನಿಂತು ಕಪ್ಪು ಒರೆಸೋ ಮನುಷ್ಯ ತುಟಿ ಬಿಚ್ಚಲ್ಲ, ನಾನೇನು ಮಾಡ್ಲಿ? ಅದಕ್ಕೇ ಅಕ್ಕನ ಮನೆಗೆ ಹೋಗ್ತಿರೋದು. ಅದನ್ನೂ ಆಡ್ಕೊಂಡು ನಗ್ಬೇಕಾ ನೀವು?"

ಕ್ಲೆಮೆಂಟ್ ಒರೆಸಿಟ್ಟ ಕಪ್ಪನ್ನೇ ಎತ್ತಿ ಮತ್ತೆ ಒರೆಸತೊಡಗಿದ. ಸಂತೋಷಕ್ಕೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ.

"ನಾನು ಹೇಳಿದ ಯಾರೋ... ನಾನು."

"ನೀವಾ? ಯಾರೋ ಅಂದ್ರೆ ಎದುರಿಗಿರೋರು ತಾನೆ?"

"ಸಾಮಾನ್ಯವಾಗಿ ಹೌದು. ಇವತ್ತೊಂದು ದಿನ ನಾನು."

ಆಕೆ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡಳು. "ಅಯ್ಯೋ ದೇವರೇ, ಸುಮ್ನೆ ಎಲ್ಲಾ ಒದರಿಬಿಟ್ಟೆನಲ್ಲ."

ಇಷ್ಟಾದ ಮೇಲೆ ಹೆದರುವುದಕ್ಕೆ ಏನಿತ್ತು? ಜೀವಮಾನದಲ್ಲಿ ಮೊದಲ ಸಲ ಅವನು ಸೀದಾ ಮಾತಾಡಿದ.

"ಹಿಲ್ಡಾ, ನನ್ನನ್ನ ಮದುವೆ ಆಗ್ತೀರಾ?"

"ಛೀ, ಹೀಗೆ ಮುಖಕ್ಕೇ ಕೇಳೋದಾ? ನಾಚಿಕೆ ಆಗಲ್ವಾ?" ಎಂದು ಆಕೆ ನಲ್ಲಿಯತ್ತ ತಿರುಗಿದಳು. ಕಿವಿ ಇನ್ನೂ ಕೆಂಪಾಗಿಯೇ ಇತ್ತು. "ಯಾರೋ ಒಪ್ಕೊಂಡಿದ್ದಾರೆ ಅಂತ ತಿಳ್ಕೊಳ್ಳಿ."

ಕ್ಲೆಮೆಂಟ್ ಗಾಬರಿಬಿದ್ದು ಕೇಳಿದ: "ಯಾರು?"