ಮುದುಕಪ್ಪನ ಎರಡು ಫೋಲ್ಡರು

ರಾಯಚೂರಿನ ಆಸ್ಪತ್ರೆಯಿಂದ ತಂದು ಗೋಡೆಗೆ ಆನಿಸಿ ಕೂರಿಸಿದ್ದ ಮುದುಕಪ್ಪನ ಹೆಣದ ತಲೆಯಿಂದ ಹಳದಿ ರುಮಾಲು ಬಿಚ್ಚಿ, ಕಿರಿಯ ಹೆಂಡತಿ ಮಲ್ಲೇಶ್ವರಿ ತಾನು ಕೊಡಿಸಿದ್ದ ಕೆಂಪು ರುಮಾಲು ಸುತ್ತತೊಡಗಿದಳು. ಹಳದಿಯದು ಹಿರಿಯ ಹೆಂಡತಿ ಬಂಡೆಮ್ಮ ಕೊಡಿಸಿದ್ದು. ಹಿರೇಕೊಟ್ನೆಕಲ್ಲಿನ ಈ ಮನೆಯೂ ಅವಳದೇ. ಮಾನ್ವಿಯ ಕಿರಿಯಳು ಬಂದು ಗಳಿಗೆಯಾಗಿಲ್ಲ, ಆಗಲೇ ಗಂಡನ ತಲೆಗೆ ಕೈ ಹಾಕಿದ್ದಳು.

ಬಂಡೆಮ್ಮ ಅಳು ನಿಲ್ಲಿಸಿ ನೋಡಿದಳು. ಭಜನೆಯವರು ತಾಳ ನಿಲ್ಲಿಸಲಿಲ್ಲ. ಇಬ್ಬರನ್ನೂ ಚೆನ್ನಾಗಿ ಬಲ್ಲವರು.

ಅಷ್ಟರಲ್ಲಿ ಮುದುಕಪ್ಪನ ತಮ್ಮನ ಮಗ ಕನಕರಾಜ ಶ್ರದ್ಧಾಂಜಲಿಯ ಬ್ಯಾನರಿಗೆ ಫೋಟೊ ಕೇಳಿದ. ಇಬ್ಬರೂ ಒಟ್ಟಿಗೇ ಮೊಬೈಲು ಚಾಚಿದರು.

*

ಮುದುಕಪ್ಪ ಕುರಿ ವ್ಯಾಪಾರಿ. ಅವನು ಸಂತೆಯಲ್ಲಿದ್ದರೂ ಅವಳ ಮನೆಯಲ್ಲಿದ್ದಾನೆಂದು ಇವಳು, ಇವಳ ಮನೆಯಲ್ಲಿದ್ದಾನೆಂದು ಅವಳು ಹೊಟ್ಟೆ ಉರಿದುಕೊಳ್ಳುವರು. ಸಾಕ್ಷಿಗಿರಲಿ ಎಂದು ಹೋದಲ್ಲೆಲ್ಲ ಫೋಟೊ ತೆಗೆಸಿಕೊಂಡು ತೆಗೆಸಿಕೊಂಡು ಅವನ ಮೊಬೈಲು ತುಂಬಿಹೋಯಿತು. ಪೋತ್ನಾಳದ ಮೊಬೈಲ್ ಅಂಗಡಿಯ ಮುಜಾಹಿದ್, ಅವನ್ನೆಲ್ಲ ಇಂಟರ್ನೆಟ್ಟಿನ ಡ್ರೈವಿಗೆ ಹಾಕಿ ಹೆಂಡತಿಯರ ಮೊಬೈಲಿನಲ್ಲೂ ಕಾಣುವಂತೆ ಮಾಡುತ್ತೇನೆ, ಒಂದೇ ಫೋಲ್ಡರ್ ಸಾಕು ಎಂದ.

“ಬ್ಯಾಡಪ್ಪ, ಎರಡು ಮಾಡು,” ಎಂದ ಮುದುಕಪ್ಪ. “ಒಬ್ಬಾಕೀದು ಇನ್ನೊಬ್ಬಾಕಿಗೆ ಕಾಣಬಾರ್ದು.”

*

ಕನಕರಾಜ ಎರಡೂ ಮೊಬೈಲು ಪಕ್ಕಪಕ್ಕ ಹಿಡಿದ. ದೇವದುರ್ಗದ ಸಂತೆ, ಅದೇ ಬೇವಿನ ಮರ, ಅದೇ ಟಗರು. ಬಂಡೆಮ್ಮನದರಲ್ಲಿ ಹಳದಿ ರುಮಾಲು, ಮಲ್ಲೇಶ್ವರಿಯದರಲ್ಲಿ ಕೆಂಪು. ಮಾನ್ವಿಯ ಬಸ್ ಸ್ಟ್ಯಾಂಡು, ಆಸ್ಪತ್ರೆಯ ಮಂಚ, ಎಲ್ಲವೂ ಎರಡೆರಡು. ಸಲೈನ್ ಹಚ್ಚಿದ್ದಾಗಲೂ ಮನುಷ್ಯ ರುಮಾಲು ಬದಲಿಸಿದ್ದ.

ತನಗೊಬ್ಬಳಿಗೇ ಎಂದು ರಾತ್ರಿಯೆಲ್ಲ ನೋಡುತ್ತಿದ್ದ ಫೋಟೊಗಳು ಸವತಿಯ ಮೊಬೈಲಿನಲ್ಲೂ ಇದ್ದದ್ದು ಕಂಡು ಮಲ್ಲೇಶ್ವರಿ ಕೆಂಪು ರುಮಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತತೊಡಗಿದಳು.

ಬಂಡೆಮ್ಮ ಮಾತ್ರ ಕೆಂಪು ರುಮಾಲಿನ ಫೋಟೊವನ್ನೇ ದಿಟ್ಟಿಸಿದಳು. ಅಂಗಿಯ ಎದೆ ಉಬ್ಬಿತ್ತು. ಗುಂಡಿಗಳ ಸಂದಿಯಿಂದ ಹಳದಿ ಅಂಚು ಇಣುಕುತ್ತಿತ್ತು; ಬಿಚ್ಚಿದ್ದನ್ನು ಅಲ್ಲೇ ತುರುಕಿಕೊಂಡಿದ್ದ. ತನ್ನ ಫೋಟೊಗಳಲ್ಲಿ ಅದೇ ಜಾಗದಲ್ಲಿ ಕೆಂಪು ಇಣುಕುತ್ತಿತ್ತು. ಆ ಕೆಂಪು ಯಾರ ಕಣ್ಣಿಗೂ ಬೀಳುವ ಮುಂಚೆ ಅವಳು ತನ್ನ ಮೊಬೈಲು ಕಸಿದು ಸೆರಗಿನೊಳಗೆ ಇಟ್ಟುಕೊಂಡಳು.

“ನಿಂದು ತಲಿಗೇ ಇರ್ಲಿ ಬಿಡವ್ವ,” ಎಂದಳು ಮೆತ್ತಗೆ, ಮಲ್ಲೇಶ್ವರಿಯ ಮೊಬೈಲಿನ ಫೋಟೊ ತೋರಿಸುತ್ತ. “ನಂದು ಅಂಗಿ ಒಳಗ ಇಡು, ಅಂವ ಇಟ್ಟಂಗ. ಎದಿಗೆ ಹತ್ತಿ ಇರ್ತದ.”

ಮಲ್ಲೇಶ್ವರಿ ಗಂಟು ಹಾಕುವುದನ್ನು ಬಿಟ್ಟು ಆ ಫೋಟೊ ನೋಡಿದಳು. ಹೊರಗೆ ಹೊರುವವರು ಹೊತ್ತಾಯಿತೆಂದು ಕರೆದರು. ಅವಳು ಕೆಂಪು ರುಮಾಲನ್ನು ತಲೆಯಿಂದ ಬಿಚ್ಚಿ, ಗಂಡನ ಅಂಗಿಯ ಗುಂಡಿಗೆ ಕೈ ಹಾಕಿದಳು.